ಮಳೆಗಾಲಕ್ಕೆ ಮುನ್ನ ಸೆಪ್ಟಿಕ್ ಟ್ಯಾಂಕ್ ಸ್ವಚ್ಛತೆ: ಸಾರ್ವಜನಿಕರಿಗೆ ಮಾಹಿತಿ

ಒಳಚರಂಡಿ ಸಂಪರ್ಕವಿಲ್ಲದ ಪ್ರದೇಶಗಳಲ್ಲಿ ಮನೆಯ ಶೌಚಾಲಯದ ತ್ಯಾಜ್ಯವು ಸೆಪ್ಟಿಕ್ ಟ್ಯಾಂಕಿಗೆ ಸೇರುತ್ತದೆ. ಅಲ್ಲಿ ಘನವಸ್ತುವು ತಳದಲ್ಲಿ ಕೆಸರಾಗಿ ನಿಲ್ಲುತ್ತದೆ. ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಕೆಸರು ಹೆಚ್ಚಿದಂತೆ ನೀರು ನಿಲ್ಲುವ ಅವಕಾಶ ಕಡಿಮೆಯಾಗಿ, ಘನವಸ್ತುವೂ ಹೊರಗೆ ಹರಿದು ಇಂಗುಗುಂಡಿಯನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ಸಾಮಾನ್ಯವಾಗಿ 2 ರಿಂದ 3 ವರ್ಷಗಳಿಗೊಮ್ಮೆ ಟ್ಯಾಂಕನ್ನು ಬರಿದು ಮಾಡಿಸುವುದು ಅವಶ್ಯಕ.

ಬೇಸಿಗೆಯೇ ಏಕೆ?

ಮಳೆಗಾಲದಲ್ಲಿ ಅಂತರ್ಜಲದ ಮಟ್ಟ ಏರಿ, ಇಂಗುಗುಂಡಿಯು ನೀರನ್ನು ಹೀರಿಕೊಳ್ಳಲಾರದು. ತುಂಬಿದ ಟ್ಯಾಂಕು ಉಕ್ಕಿ ಹರಿದಲ್ಲಿ ಸಮೀಪದ ಬಾವಿಗಳು ಕಲುಷಿತಗೊಳ್ಳುವ ಸಂಭವವಿರುತ್ತದೆ. ಅಲ್ಲದೆ, ಸುತ್ತಲಿನ ಮಣ್ಣು ನೀರಿನಿಂದ ತುಂಬಿರುವಾಗ ಬರಿದಾದ ಹಗುರ ಟ್ಯಾಂಕು ಮೇಲಕ್ಕೆ ಒತ್ತಲ್ಪಟ್ಟು ಕೊಳವೆಯ ಜೋಡಣೆಗಳು ಬಿಟ್ಟುಕೊಳ್ಳಬಹುದು.

ಅರ್ಜಿ ಸಲ್ಲಿಸುವ ವಿಧಾನ

1. ಅರ್ಜಿದಾರರು ತಮ್ಮ ಸ್ಥಳೀಯ ಸಂಸ್ಥೆಯಲ್ಲಿ ಸಕ್ಕಿಂಗ್ ಯಂತ್ರದ ಸೇವೆಯನ್ನು ಕೋರಬಹುದು.
2. ಅರ್ಜಿಯಲ್ಲಿ ವಿಳಾಸ, ಟ್ಯಾಂಕಿನ ಅಂದಾಜು ಅಳತೆ, ಹಿಂದೆ ಬರಿದು ಮಾಡಿಸಿದ ವರ್ಷ ಹಾಗೂ ವಾಹನ ಬರುವ ದಾರಿಯ ಅಗಲವನ್ನು ನಮೂದಿಸುವುದು ಸೂಕ್ತ.
3. ನಿಗದಿತ ಶುಲ್ಕವನ್ನು ಪಾವತಿಸಿ ರಸೀದಿ ಪಡೆದು, ಅದನ್ನು ಕಾಯ್ದಿರಿಸತಕ್ಕದ್ದು.
4. ಖಾಸಗಿ ವಾಹನವನ್ನು ಕರೆಸುವವರು, ತ್ಯಾಜ್ಯವನ್ನು ಎಲ್ಲಿ ವಿಲೇವಾರಿ ಮಾಡಲಾಗುವುದೆಂದು ಮೊದಲೇ ವಿಚಾರಿಸತಕ್ಕದ್ದು. ಕೆರೆ, ಹಳ್ಳ, ಚರಂಡಿಗಳಿಗೆ ಸುರಿಯಬಾರದು. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕದಂತಹ ಘಟಕಗಳೇ ಇದಕ್ಕೆ ಯೋಗ್ಯ ಸ್ಥಳ.

ಮನೆಯವರು ಗಮನಿಸಬೇಕಾದ ಅಂಶಗಳು

• ಕೆಸರನ್ನು ಪೂರ್ಣವಾಗಿ ತೆಗೆಸಬಾರದು. ತಳದಲ್ಲಿ ಸ್ವಲ್ಪ ಉಳಿಸಿದಲ್ಲಿ ಅದರಲ್ಲಿನ ಸೂಕ್ಷ್ಮಜೀವಿಗಳು ತಮ್ಮ ಕಾರ್ಯವನ್ನು ಮುಂದುವರಿಸುತ್ತವೆ.
• ಬರಿದಾದ ನಂತರ ಆಸಿಡ್ ಅಥವಾ ಬ್ಲೀಚಿಂಗ್ ಪುಡಿಯಿಂದ ತೊಳೆಯದೆ, ಶುದ್ಧ ನೀರನ್ನು ತುಂಬಿಸತಕ್ಕದ್ದು.
• ಮುಚ್ಚಳವನ್ನು ಭದ್ರಪಡಿಸಿ, ಗಾಳಿಕೊಳವೆಗೆ ಸೊಳ್ಳೆಬಲೆ ಕಟ್ಟತಕ್ಕದ್ದು.
• ತೆರೆದ ಟ್ಯಾಂಕಿನ ಬಳಿ ಬೆಂಕಿಕಡ್ಡಿ ಗೀರಬಾರದು. ಅಲ್ಲಿನ ಮೀಥೇನ್ ಅನಿಲವು ಹೊತ್ತಿಕೊಳ್ಳುವಂಥದ್ದು.

ಟ್ಯಾಂಕಿಗೆ ಯಾರನ್ನೂ ಇಳಿಸಬಾರದು

ಟ್ಯಾಂಕಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅನಿಲವು ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆಯಿಲ್ಲವೆಂದು ಇಳಿದವರು ಕ್ಷಣಗಳಲ್ಲಿ ಪ್ರಜ್ಞೆ ತಪ್ಪಬಹುದು. ರಕ್ಷಿಸಲು ಇಳಿದವರೂ ಅದೇ ಗತಿಗೆ ಒಳಗಾಗುತ್ತಾರೆ. ಯಾರಾದರೂ ಒಳಗೆ ಬಿದ್ದಲ್ಲಿ, ತಾವು ಇಳಿಯದೆ ತಕ್ಷಣವೇ ಅಗ್ನಿಶಾಮಕ ದಳವನ್ನು ಕರೆಯತಕ್ಕದ್ದು.

ರಕ್ಷಣಾ ಸಾಧನಗಳನ್ನು ಒದಗಿಸದೆ ಕೈಯಿಂದ ಟ್ಯಾಂಕ್ ಸ್ವಚ್ಛಗೊಳಿಸಲು ಯಾರನ್ನಾದರೂ ತೊಡಗಿಸುವುದು 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಹಾಗೂ ಪುನರ್ವಸತಿ ಅಧಿನಿಯಮದ 7ನೇ ಪ್ರಕರಣದನ್ವಯ ನಿಷಿದ್ಧ. ಮೊದಲ ಬಾರಿಯ ಉಲ್ಲಂಘನೆಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಈ ನಿಷೇಧವು ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ. ಒಳಚರಂಡಿ ಸ್ವಚ್ಛತೆಯಲ್ಲಿ ಮೃತಪಟ್ಟವರ ಕುಟುಂಬಕ್ಕೆ ನೀಡುವ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಿದೆ. ಆದರೆ ಹೋದ ಜೀವಕ್ಕೆ ಯಾವ ಪರಿಹಾರವೂ ಸಮನಲ್ಲ. ಯಂತ್ರ ಬರುವುದು ಒಂದೆರಡು ದಿನ ತಡವಾದರೂ, ಅದಕ್ಕಾಗಿ ಕಾಯುವುದೇ ಸರಿಯಾದ ಕ್ರಮ.