ಲೈಮ್ ರೋಗ

ಲೈಮ್ ರೋಗವು ಉಣ್ಣಿಯ ಕಡಿತದಿಂದ ಮನುಷ್ಯರಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕು. ಉತ್ತರ ಅಮೆರಿಕ ಮತ್ತು ಯುರೋಪಿನ ಕಾಡಂಚಿನ ಪ್ರದೇಶಗಳಲ್ಲಿ ಇದು ಹೆಚ್ಚು. ಬೊರೇಲಿಯ ಬರ್ಗ್‌ಡೋರ್ಫೆರಿ ಎಂಬ ಸುರುಳಿಯಾಕಾರದ ಸೂಕ್ಷ್ಮಜೀವಿ ಇದರ ಮುಖ್ಯ ಕಾರಣ. ಮಲೆನಾಡಿನ ಮಂಗನ ಕಾಯಿಲೆಯನ್ನು ಹರಡುವುದೂ ಉಣ್ಣಿಯೇ (ಉಣುಗು). ಆದರೆ ಅದು ವೈರಸ್ಸಿನಿಂದ ಬರುವುದರಿಂದ ಪ್ರತಿಜೀವಕ ಔಷಧಗಳಿಗೆ ಮಣಿಯುವುದಿಲ್ಲ. ಲೈಮ್ ರೋಗ ಮಣಿಯುತ್ತದೆ.

ಹಿನ್ನೆಲೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಪಟ್ಟಣದಿಂದ ರೋಗಕ್ಕೆ ಈ ಹೆಸರು ಬಂದಿದೆ. ಆ ಭಾಗದ ಹಲವು ಮಕ್ಕಳ ಕೀಲುಗಳು ಊದಿಕೊಳ್ಳುತ್ತಿದ್ದುದನ್ನು ಗಮನಿಸಿ, 1975ರಲ್ಲಿ ಆರೋಗ್ಯಾಧಿಕಾರಿಗಳಿಗೆ ತಿಳಿಸಿದವರು ವೈದ್ಯರಲ್ಲ, ಪಾಲಿ ಮರ್ರೆಯವರಂತಹ ತಾಯಂದಿರು. ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟಿಯರ್ ಮತ್ತು ಸಂಗಡಿಗರು ತನಿಖೆ ಕೈಗೊಂಡರು. ಉಣ್ಣಿಯೊಳಗೆ ರೋಗಾಣುವನ್ನು ಕಂಡ ವಿಲ್ಲಿ ಬರ್ಗ್‌ಡೋರ್ಫರ್ ಅವರ ಸಂಶೋಧನೆ 1982ರಲ್ಲಿ ಪ್ರಕಟವಾಯಿತು.

ಲಕ್ಷಣ ಮತ್ತು ಪತ್ತೆ

ರೋಗ ಹರಡುವ ಎಳೆಯ ಉಣ್ಣಿ ಗಸಗಸೆ ಕಾಳಿನಷ್ಟು ಚಿಕ್ಕದು, ಕಡಿತ ನೋಯುವುದಿಲ್ಲ. ಆದ್ದರಿಂದ ಕಡಿತದ ನೆನಪಿಲ್ಲವೆಂದು ರೋಗಿ ಹೇಳಿದರೂ ರೋಗವಿಲ್ಲವೆನ್ನಲಾಗದು. ಕಡಿತದ 3ರಿಂದ 30 ದಿನಗಳೊಳಗೆ ಬಹುಪಾಲು ರೋಗಿಗಳ ಚರ್ಮದಲ್ಲಿ ಕೆಂಪು ದದ್ದು ಮೂಡಿ, ದಿನೇ ದಿನೇ ಅಗಲವಾಗುತ್ತದೆ. ಸಾಮಾನ್ಯವಾಗಿ 5 ಸೆಂ.ಮೀ.ಗಿಂತ ದೊಡ್ಡದು. ಗುರಿಹಲಗೆಯಂತೆ ಬಳೆಬಳೆಯಾಗಿಯೇ ಇರಬೇಕೆಂಬುದು ತಪ್ಪು ಕಲ್ಪನೆ. ಒಂದೇ ಬಣ್ಣದ ದದ್ದುಗಳೇ ಅನೇಕ. ಕಪ್ಪು ಮೈಬಣ್ಣದವರಲ್ಲಿ ಅದು ಸುಲಭವಾಗಿ ಕಣ್ಣಿಗೆ ಬೀಳದೆ ಪತ್ತೆ ತಡವಾಗುವುದುಂಟು. ಜ್ವರ, ಆಯಾಸ, ಮೈಕೈನೋವು ಜೊತೆಗೂಡಬಹುದು.

ಇಲ್ಲಿ ರಕ್ತಪರೀಕ್ಷೆಯನ್ನು ಕುರುಡಾಗಿ ನಂಬುವಂತಿಲ್ಲ. ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಮೂಡಲು ಕೆಲವು ವಾರಗಳು ಬೇಕಾದ್ದರಿಂದ, ದದ್ದು ಎದುರಿಗಿರುವಾಗಲೇ ಫಲಿತಾಂಶ 'ಇಲ್ಲ' ಎಂದು ಬರಬಹುದು. ಆದಕಾರಣ ರೋಗವಿರುವ ಪ್ರದೇಶಕ್ಕೆ ಹೋಗಿಬಂದವರಲ್ಲಿ ಸ್ಪಷ್ಟ ದದ್ದು ಕಂಡರೆ, ವೈದ್ಯರು ಪರೀಕ್ಷೆಗೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ವಾಸಿಯಾದ ಮೇಲೂ ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯಬಲ್ಲವು. ಹಾಗಾಗಿ 'ಇದೆ' ಎಂಬ ಫಲಿತಾಂಶ ಹಳೆಯ ಸೋಂಕಿನದೂ ಆಗಿರಬಹುದು.

ಚಿಕಿತ್ಸೆ

ಆರಂಭದ ಹಂತದಲ್ಲಿ ಡಾಕ್ಸಿಸೈಕ್ಲಿನ್ ಅಥವಾ ಅಮಾಕ್ಸಿಸಿಲಿನ್ ಅನ್ನು ಸುಮಾರು ಎರಡು ವಾರ ಸೇವಿಸಿದರೆ ಬಹುತೇಕರು ಗುಣಮುಖರಾಗುತ್ತಾರೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಎರಡನೆಯದನ್ನೇ ಕೊಡುತ್ತಾರೆ. ಚಿಕಿತ್ಸೆ ತಪ್ಪಿದರೆ ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪುವುದು, ಹೃದಯಬಡಿತದ ಏರುಪೇರು, ತಿಂಗಳುಗಳ ನಂತರ ಮೊಣಕಾಲಿನ ಬಾವು ಕಾಣಿಸಬಹುದು. ಹೃದಯ ಅಥವಾ ಮೆದುಳಿಗೆ ತೀವ್ರ ತೊಂದರೆಯಾದಲ್ಲಿ ಸೆಫ್ಟ್ರಿಯಾಕ್ಸೋನನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ.

ಕೆಲವರಲ್ಲಿ ಚಿಕಿತ್ಸೆಯ ನಂತರವೂ ದಣಿವು ಮತ್ತು ನೋವು ಬಹುಕಾಲ ಉಳಿಯುತ್ತವೆ. ಈ ನರಳಾಟ ಕಾಲ್ಪನಿಕವಲ್ಲ. ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಪ್ರತಿಜೀವಕ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಶಾಶ್ವತ ಪ್ರಯೋಜನ ಕಂಡುಬಂದಿಲ್ಲ. ಅಡ್ಡಪರಿಣಾಮಗಳು ಮಾತ್ರ ಕಂಡುಬಂದಿವೆ.