ಬೆಳೆಹಾನಿಯೂ ಸರಕಾರದ ನೆರವೂ

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಾಡಿಗೆ ಅನ್ನವಿಕ್ಕುವ ತಾಯಂದಿರು. ಆದರೆ ಪಶ್ಚಿಮದ ಘಟ್ಟಗಳಲ್ಲಿ ಮಳೆ ಸುರಿದು, ಕೊಯ್ನಾ ಮೊದಲಾದ ಜಲಾಶಯಗಳಿಂದ ನೀರು ಬಿಟ್ಟಾಗ ಈ ತಾಯಂದಿರೇ ಮುನಿಯುತ್ತಾರೆ. 2005, 2019, 2021ರ ಮಹಾಪೂರಗಳಲ್ಲಿ ದಂಡೆಯ ಕಬ್ಬು, ಸೋಯಾಅವರೆಗಳು ದಿನಗಟ್ಟಲೆ ನೀರಿನಲ್ಲಿ ನಿಂತು ಕೊಳೆತವು. ಇತ್ತ ಹೊಳೆಯಿಂದ ದೂರದ ಒಣಬೇಸಾಯದ ಊರುಗಳಿಗೆ ಬರದ ಭಯ. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳು 2023ರಲ್ಲಿ ಬರಪೀಡಿತವೆಂದು ಘೋಷಿತವಾದುದನ್ನು ನಾವು ಬಲ್ಲೆವು. ಇಂತಹ ಸಮಯದಲ್ಲಿ ದೊರೆಯುವ ಸರಕಾರದ ಹಣದ ಸ್ವರೂಪವೇನು? ಅದು ಯಾರಿಗೆ, ಹೇಗೆ ತಲುಪುತ್ತದೆ?

ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ರೈತನಿಗೆ ದೊರೆಯುತ್ತಿದ್ದುದು ತಗಾವಿ. 1883 ಮತ್ತು 1884ರ ಕಾಯಿದೆಗಳ ಮೇರೆಗೆ ಕೊಡುತ್ತಿದ್ದ ಅದು ಬಡ್ಡಿಸಹಿತ ಮರಳಿಸಬೇಕಾದ ಸಾಲ. ಇಂದಿನ ನೆರವು ಸಾಲವಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ರಾಜ್ಯ ವಿಪತ್ತು ಸ್ಪಂದನಾ ನಿಧಿ ಏರ್ಪಟ್ಟಿದೆ. ಕರ್ನಾಟಕದ ಈ ನಿಧಿಗೆ ಕೇಂದ್ರದ್ದು ಮುಕ್ಕಾಲು ಪಾಲು, ರಾಜ್ಯದ್ದು ಕಾಲು ಪಾಲು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಜನರು ಇದನ್ನು 'ಪರಿಹಾರ'ವೆಂದು ಕರೆದರೂ ನಿಯಮದ ದೃಷ್ಟಿಯಲ್ಲಿ ಇದು ಕಳೆದ ಬೆಳೆಯ ಬೆಲೆಯಲ್ಲ. ಮತ್ತೆ ಬಿತ್ತುವುದಕ್ಕೆ ಬೀಜ ಗೊಬ್ಬರಗಳ ಸಹಾಯಧನ. ಆದುದರಿಂದಲೇ ಮೊತ್ತ ಚಿಕ್ಕದು. ಬೆಳೆ ಶೇಕಡಾ 33ಕ್ಕಿಂತ ಕಡಿಮೆ ಹಾನಿಯಾದರೆ ಏನೂ ಇಲ್ಲ. 2022-23ರಿಂದ 2025-26ರವರೆಗಿನ ಅವಧಿಗೆ ಗೊತ್ತುಪಡಿಸಿದ ದರಗಳು ಹೆಕ್ಟೇರಿಗೆ ಹೀಗಿದ್ದವು: ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ 2 ಹೆಕ್ಟೇರಿನ ಮಿತಿಗೆ ಮಾತ್ರ. ಅಂದರೆ ನೀರಾವರಿ ಜಮೀನಿನ ಎಕರೆಗೆ ಸುಮಾರು 6,900 ರೂಪಾಯಿ. ಹೊಲದ ಮೇಲೆ 3 ಅಂಗುಲಕ್ಕಿಂತ ದಪ್ಪನಾಗಿ ಹೂಳು ಕುಳಿತರೆ ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ ಬೇರೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ದೂರು ಸಹಜವೇ. ಈ ಕೊರತೆಯನ್ನು ಮನಗಂಡು ರಾಜ್ಯ ಸರಕಾರವು 2019ರಲ್ಲಿ ಹೆಕ್ಟೇರಿಗೆ 10,000 ರೂಪಾಯಿಗಳನ್ನೂ, 2025ರಲ್ಲಿ 8,500 ರೂಪಾಯಿಗಳನ್ನೂ ತನ್ನ ಬೊಕ್ಕಸದಿಂದ ಸೇರಿಸಿ ಕೊಡಲು ನಿರ್ಧರಿಸಿತು.

ಹಣ ತಲುಪುವ ದಾರಿ ಇದು: ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳವರು ಕೂಡಿ ಹಾನಿಯ ಸಮೀಕ್ಷೆ ಮಾಡುತ್ತಾರೆ. ಸರ್ವೆ ನಂಬರು, ಬೆಳೆ, ವಿಸ್ತೀರ್ಣಗಳು 'ಪರಿಹಾರ' ಎಂಬ ಗಣಕ ವ್ಯವಸ್ಥೆಗೆ ಸೇರುತ್ತವೆ. ಬಳಿಕ ಪಹಣಿಯಲ್ಲಿ ಹೆಸರಿದ್ದವರ ಆಧಾರ್ ಜೋಡಿತ ಬ್ಯಾಂಕು ಖಾತೆಗೆ ಹಣ ನೇರವಾಗಿ ಜಮೆಯಾಗುತ್ತದೆ. ನಡುವೆ ಕೈಬದಲಾವಣೆಯಿಲ್ಲದಿರುವುದು ಇದರ ದೊಡ್ಡ ಗುಣ.

ಆದರೆ ತೊಡಕೂ ಅಲ್ಲಿಯೇ ಇದೆ. ಹಣ ಹೋಗುವುದು ಬೆವರಿನ ಹಿಂದೆ ಅಲ್ಲ, ಪಹಣಿಯ ಹಿಂದೆ. ತೀರಿಹೋದ ತಂದೆಯ ಹೆಸರಿನಲ್ಲಿಯೇ ಹೊಲ ಉಳಿದಿದ್ದರೆ ಮಕ್ಕಳ ಖಾತೆಗೆ ಹಣ ಬಾರದು. ಲಾವಣಿ ಹಿಡಿದು ಉಳುವವನ ಪಾಡು ಇನ್ನೂ ಕಠಿಣ. 1974ರ ಭೂಸುಧಾರಣೆಯ ತಿದ್ದುಪಡಿಯು ಸಾಮಾನ್ಯವಾಗಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದ್ದರಿಂದ ಲಾವಣಿಯೆಲ್ಲ ಬಾಯಿಮಾತಿನದು, ಕಾಗದವಿಲ್ಲ. ಬೀಜ ಗೊಬ್ಬರ ಹಾಕಿದವನು ಬರಿಗೈಯಲ್ಲಿ ಉಳಿಯುತ್ತಾನೆ. ಬಿತ್ತಲೆಂದು ಕೊಟ್ಟ ಹಣ ಬಿತ್ತದವನಿಗೆ ಸೇರುತ್ತದೆ. ನೆರವಿನ ಉದ್ದೇಶವೇ ಇಲ್ಲಿ ಸೋಲುತ್ತದೆ. ಉಳುವವನನ್ನು ಗುರುತಿಸುವ ಬಗೆಯನ್ನು ಸರಕಾರವು ಕಂಡುಕೊಳ್ಳಲೇಬೇಕು.

ಅಲ್ಲಿಯವರೆಗೆ ವಿದ್ಯಾರ್ಥಿಗಳಾದ ನಾವು ಮಾಡಬಹುದಾದ ಕೆಲಸವೊಂದಿದೆ. ನಮ್ಮಲ್ಲಿ ಬಹಳ ಜನ ರೈತರ ಮಕ್ಕಳು. ಮನೆಯ ಪಹಣಿಯನ್ನು ತೆಗೆಸಿ ಓದೋಣ. ವಾರಸಾ ಆಗಿದೆಯೇ, ಬೆಳೆಯ ಹೆಸರು ಸರಿಯಾಗಿದೆಯೇ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡೋಣ. ಓದುಬಾರದ ನೆರೆಯವರಿಗೂ ಓದಿ ಹೇಳೋಣ. ಹೊಳೆ ಏರಿದ ಮೇಲೆ ಈ ಕೆಲಸ ಮಾಡಲು ಹೊತ್ತಿರುವುದಿಲ್ಲ. ಬೇಸಿಗೆಯ ರಜೆಯಲ್ಲಿ ಬೇಕಾದಷ್ಟು ಹೊತ್ತಿರುತ್ತದೆ.