ವಿಶ್ವಾಸದ ನಿಶ್ಚಯವೂ ವಿಧೇಯತೆಯ ಹೆಜ್ಜೆಯೂ

ಪ್ರತಿ ಭಾನುವಾರ ಬಲಿಪೂಜೆಯಲ್ಲಿ ನಾವೆಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣವನ್ನು ಒಕ್ಕೊರಲಿನಿಂದ ಹೇಳುತ್ತೇವೆ. ಆದರೆ ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿ, 'ಇದೆಲ್ಲ ಸತ್ಯವೆಂದು ಹೇಗೆ ಗೊತ್ತು?' ಎಂದು ಕೇಳಿದಾಗ ಎಷ್ಟೋ ತಂದೆತಾಯಂದಿರು ಉತ್ತರ ತೋಚದೆ ಮೌನ ತಾಳುತ್ತಾರೆ, ಇಲ್ಲವೆ ಗದರಿಸುತ್ತಾರೆ. ಪ್ರಶ್ನೆಯು ಅವಿಶ್ವಾಸದ ಗುರುತಲ್ಲ. ಸತ್ಯ ಎಲ್ಲಿದೆಯೆಂಬ ಪ್ರಶ್ನೆಯನ್ನು ಆರು ವರ್ಷ ಹೊತ್ತು ನಡೆದ ಮಹನೀಯರೊಬ್ಬರು ಇಂದು ಧರ್ಮಸಭೆಯ ಸಂತರ ಸಾಲಿನಲ್ಲಿದ್ದಾರೆ. ಅವರೇ ಸಂತ ಜಾನ್ ಹೆನ್ರಿ ನ್ಯೂಮನ್.

1801ರಲ್ಲಿ ಲಂಡನ್ನಿನಲ್ಲಿ ಜನಿಸಿದ ನ್ಯೂಮನ್ ಆಕ್ಸ್‌ಫರ್ಡಿನ ಹೆಸರಾಂತ ವಿದ್ವಾಂಸರು, ಆಂಗ್ಲಿಕನ್ ಸಭೆಯ ಪ್ರಭಾವಶಾಲಿ ಬೋಧಕರು. ಆದಿಸಭೆಯ ಇತಿಹಾಸವನ್ನು ಅಭ್ಯಸಿಸುತ್ತಿದ್ದಾಗ, 1839ರಲ್ಲಿ, ತಾವು ನಿಂತಿರುವ ನೆಲೆ ಸರಿಯೇ ಎಂಬ ಶಂಕೆ ಅವರಲ್ಲಿ ಮೂಡಿತು. ಅವರು ಅದನ್ನು ಅದುಮಿಡಲಿಲ್ಲ, ಆತುರಪಡಲೂ ಇಲ್ಲ. ಓದಿದರು, ಪ್ರಾರ್ಥಿಸಿದರು, ಕಾದರು. 1845ರ ಅಕ್ಟೋಬರ್ 8ರ ರಾತ್ರಿ ಮಳೆಯಲ್ಲಿ ತೊಯ್ದು ಲಿಟಲ್‌ಮೋರ್ ಹಳ್ಳಿಗೆ ಬಂದಿಳಿದ ಇಟಲಿಯ ಗುರು ಡೊಮಿನಿಕ್ ಬಾರ್ಬೇರಿಯವರ ಮುಂದೆ ಮೊಣಕಾಲೂರಿದರು. ಮರುದಿನ ಕಥೋಲಿಕ ಧರ್ಮಸಭೆಯನ್ನು ಸೇರಿದರು.

ಈ ಹೆಜ್ಜೆಗೆ ಅವರು ತೆತ್ತ ಬೆಲೆ ಅಲ್ಪವಲ್ಲ. ಹುದ್ದೆ ಹೋಯಿತು, ಆಪ್ತರು ದೂರವಾದರು. 1846ರಲ್ಲಿ ತೊರೆದ ಆಕ್ಸ್‌ಫರ್ಡಿಗೆ ಅವರು ಮರಳಿ ಕಾಲಿಟ್ಟದ್ದು 32 ವರ್ಷಗಳ ಬಳಿಕ.

ಹಾಗಾದರೆ ಇಷ್ಟನ್ನೆಲ್ಲ ಬಿಟ್ಟುಕೊಡುವಷ್ಟು ನಿಶ್ಚಯ ಅವರಿಗೆ ಎಲ್ಲಿಂದ ಬಂದಿತು? 1870ರಲ್ಲಿ ಪ್ರಕಟಿಸಿದ 'ಗ್ರಾಮರ್ ಆಫ್ ಅಸೆಂಟ್' ಎಂಬ ಗ್ರಂಥದಲ್ಲಿ ಅವರು ಈ ವಿಷಯವನ್ನೇ ವಿವೇಚಿಸಿದ್ದಾರೆ. ಬ್ರಿಟನ್ ಒಂದು ದ್ವೀಪವೆಂಬುದು ಅಲ್ಲಿನ ಪ್ರತಿಯೊಬ್ಬನಿಗೂ ಖಚಿತ. ಆದರೆ ಅದರ ಸುತ್ತ ಹಡಗಿನಲ್ಲಿ ಹೋಗಿ ನೋಡಿಬಂದವರೆಷ್ಟು ಮಂದಿ? ನೂರಾರು ಸಂಗತಿಗಳು ಒಂದೇ ಕಡೆಗೆ ಬೆರಳು ತೋರುವಾಗ ಮನಸ್ಸು ನಿಶ್ಚಯಕ್ಕೆ ಬರುತ್ತದೆ. ತೆಂಗಿನ ನಾರಿನ ಒಂದೊಂದು ಎಳೆಯೂ ಸುಲಭವಾಗಿ ಹರಿಯುತ್ತದೆ. ಹೊಸೆದ ಹಗ್ಗವಾದರೋ ದೋಣಿಯನ್ನೇ ಹಿಡಿದು ನಿಲ್ಲಿಸುತ್ತದೆ. ಅಂತಃಸಾಕ್ಷಿಯ ದನಿ, ಪ್ರೇಷಿತರ ಸಾಕ್ಷ್ಯ, ಸಂತರ ಬಾಳು, ಸಂಸ್ಕಾರಗಳಿಂದ ಪಡೆದ ಬಲ, ಹಿರಿಯರ ಪ್ರಾರ್ಥನೆ - ನಮ್ಮ ವಿಶ್ವಾಸವೂ ಇಂತಹ ಎಳೆಗಳಿಂದಲೇ ಹೊಸೆಯಲ್ಪಟ್ಟಿದೆ.

ಆದರೆ ಹಗ್ಗವನ್ನು ನೋಡುತ್ತ ನಿಂತರೆ ಸಾಲದು, ಅದನ್ನು ಹಿಡಿಯಬೇಕು. ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ, ಜೀವದಾಯಕ ರೊಟ್ಟಿಯ ಬೋಧನೆಯನ್ನು ಕೇಳಿ ಅನೇಕ ಶಿಷ್ಯರು ಹಿಂದಿರುಗಿಹೋದರು. ಪೇತ್ರನಿಗೆ ಎಲ್ಲವೂ ಅರ್ಥವಾಗಿತ್ತೆಂದು ಅಲ್ಲಿ ಹೇಳಿಲ್ಲ. ಆದರೂ ಮಾತನಾಡಿದವರು ಯಾರೆಂಬುದನ್ನು ಆತ ಅರಿತಿದ್ದ, ಆದುದರಿಂದಲೇ ಉಳಿದ. ದೇವರ ಅಧಿಕಾರಕ್ಕೆ ತಲೆಬಾಗುವುದೆಂದರೆ ಬುದ್ಧಿಗೆ ಕದ ಹಾಕುವುದಲ್ಲ. ಬುದ್ಧಿಯು ಕಂಡುಕೊಂಡ ಸತ್ಯಕ್ಕೆ ಬದುಕನ್ನು ಒಪ್ಪಿಸುವುದು.

ಧರ್ಮಸಭೆಯನ್ನು ಸೇರಿದ ಮೇಲೂ ನ್ಯೂಮನ್‌ರಿಗೆ ನೆಮ್ಮದಿ ಸುಲಭವಾಗಿ ದಕ್ಕಲಿಲ್ಲ. 1859ರಲ್ಲಿ ಅವರು ಬರೆದ ಲೇಖನವೊಂದರ ಮೇಲೆ ರೋಮಿಗೆ ದೂರು ಹೋಯಿತು. ಅನುಮಾನದ ನೆರಳು ವರ್ಷಗಟ್ಟಲೆ ಕವಿದಿತ್ತು. ಅವರು ಹಿಂದಿರುಗಿ ನೋಡಲಿಲ್ಲ. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರನ್ನು ಕಾರ್ಡಿನಲ್ ಪದವಿಗೇರಿಸಿದಾಗ ಆ ನೆರಳು ಸರಿಯಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. 2025ರ ನವೆಂಬರ್ 1ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರನ್ನು ಧರ್ಮಸಭೆಯ ಮಹಾಪಂಡಿತರೆಂದು ಘೋಷಿಸಿದರು.

ಪ್ರಾರ್ಥಿಸಿದರೂ ಕಾಯಿಲೆ ವಾಸಿಯಾಗದಾಗ, ಪ್ರಾಮಾಣಿಕರಾಗಿದ್ದೂ ನಷ್ಟ ಉಂಟಾದಾಗ ನಮ್ಮ ಮನಸ್ಸೂ ತೊಡಕಿಗೆ ಸಿಲುಕುವುದು ಸಹಜ. ಒಂದು ಎಳೆ ಸಡಿಲವಾಯಿತೆಂದು ಹಗ್ಗವನ್ನೇ ಕೈಬಿಡದಿರೋಣ. ಮಕ್ಕಳು ಪ್ರಶ್ನಿಸಿದಾಗ ಗದರಿಸದೆ, ಅವರೊಡನೆ ಕುಳಿತು, ನಮ್ಮನ್ನು ಈವರೆಗೆ ಹಿಡಿದು ನಿಲ್ಲಿಸಿದ ಎಳೆಗಳನ್ನು ಒಂದೊಂದಾಗಿ ತೋರಿಸೋಣ. ಆಮೇಲೆ ಇಡೀ ಕುಟುಂಬವೇ ಮೊಣಕಾಲೂರಿ, ಅರಿತಷ್ಟು ಸತ್ಯಕ್ಕೆ ವಿಧೇಯರಾಗಿ ಬಾಳುವ ವರವನ್ನು ಪ್ರಭುವಿನಲ್ಲಿ ಬೇಡೋಣ.